ಅಪ್ಪನ ಜ್ಞಾನ

"ಫೋನು ಡಬ್ಬಿಗೆ ಹಾಕು," ಎಂದು ಅಪ್ಪ ಬಿಸ್ಕತ್ತಿನ ಹಳೇ ಡಬ್ಬಿಯನ್ನು ಊಟದ ಮೇಜಿನ ಮೇಲೆ ಮಗಳ ಕಡೆ ತಳ್ಳಿದ. "ಸೋಷಿಯಲ್ ಮೀಡಿಯಾ ಅನ್ನೋ ಕೊಚ್ಚೆ ಈ ಮನೇಲಿ ಬೇಡ." ಹಾಗೆನ್ನುವಾಗಲೂ ಅವನ ಹೆಬ್ಬೆರಳು ತನ್ನ ಫೋನಿನಲ್ಲಿ ಕ್ವಿಜ್ ಆಡುತ್ತಲೇ ಇತ್ತು.

ಮಗಳು ತನ್ನ ಫೋನನ್ನು ಡಬ್ಬಿಗೆ ಹಾಕಿ, "ಮತ್ತೆ ನಿಂದು?" ಎಂದಳು.

"ಇದು ಜ್ಞಾನ ಕಣೇ. ಬೇಕಾದ್ರೆ ನೋಡ್ಕೋ, ಬರೀ ಪ್ರಶ್ನೆ, ಉತ್ತರ." ಮಹಾದಾನಿಯ ಠೀವಿಯಲ್ಲಿ ಅವನು ಫೋನನ್ನು ಅವಳ ಕೈಗಿತ್ತ. ಪ್ರಶ್ನೆಗಳ ಕೆಳಗೆ ಆಟಗಾರರು ಹರಟೆ ಹೊಡೆಯುವ ಜಾಗವೊಂದಿದೆ, ಅಲ್ಲಿ ತಾನೂ ದಿನಾ ಬಾಯಿ ಬಡಿದುಕೊಳ್ಳುತ್ತೇನೆ ಎನ್ನುವುದು ಆ ಮಹಾಜ್ಞಾನಿಗೆ ಹೊಳೆಯಲಿಲ್ಲ.

ಮಗಳ ಬೆರಳು ಪರದೆಯ ಮೇಲೆ ಕೆಳಕೆಳಗೆ ಜಾರಿ ಒಂದು ಕಡೆ ನಿಂತಿತು. ಅಪ್ಪ ಅಲ್ಲಿ ಬರೆದದ್ದನ್ನು ಅವಳು ಪಕ್ಕದಲ್ಲಿ ಬಡಿಸುತ್ತಿದ್ದ ಅಮ್ಮನಿಗೂ ಕೇಳುವಂತೆ ಓದಿದಳು: "ಮಗಳು ಗಣಿತದಲ್ಲಿ ಮತ್ತೆ ಫೇಲು. ಅವಳಮ್ಮನ ತಲೆಯೇ ಬಂದಿದೆ, ನಾನೇನು ಮಾಡಲಿ." ಅದರಡಿಯಲ್ಲಿ, ಮುಖ ಪರಿಚಯವಿಲ್ಲದವರೆಲ್ಲ ಮರುಗಿ ಒತ್ತಿದ ಕೆಂಪು ಹೃದಯಗಳ ಸಾಲು.

ಅಪ್ಪ ನೀರಿನ ಲೋಟಕ್ಕೆ ಕೈ ಹಾಕಿದ. ಅಮ್ಮ ಅವನತ್ತ ನೋಡಲೂ ಇಲ್ಲ. ಮಗಳ ಫೋನನ್ನು ಡಬ್ಬಿಯಿಂದ ತೆಗೆದು ಅವಳ ತಟ್ಟೆಯ ಪಕ್ಕ ಇಟ್ಟು, ಖಾಲಿ ಡಬ್ಬಿಯನ್ನು ಅವಳ ಮುಂದೆ ಹಿಡಿದಳು.

"ಅಪ್ಪನ ಜ್ಞಾನಾನ ಇದಕ್ಕೆ ಹಾಕಿ ಮುಚ್ಚಳ ಮುಚ್ಚು. ನಾರ್ತಿದೆ."