ರುಕ್ಮಕ್ಕನ ಎರಡು ಬೆರಳು

ಕಡಲ ತಳದ ಈ ಊರಿನ ಗಾಳಿಯೇ ಬೇರೆ, ಹೀಲಿಯಂ ಬೆರೆಸಿದ್ದು; ಇಲ್ಲಿ ಎಲ್ಲರ ಮಾತೂ ಗುಬ್ಬಿಗಳ ಚಿಲಿಪಿಲಿಯಂತೆ ಕೇಳುತ್ತದೆ. ಶಶಿಪ್ರಭೆ ಮೇಲಿನ ನೆಲದಿಂದ ತಂದ ಕೊಳಲೂ ಇಲ್ಲಿ ಕೀಚಲು ದನಿಯಲ್ಲೇ ನುಡಿಯಿತು. ಹಳೆಯ ತಗ್ಗು ದನಿಗಾಗಿ ಹಂಬಲಿಸಿ, ಅವಳು ನೀರಿನ ಪೈಪಿನಿಂದ ಎರಡರಷ್ಟು ಉದ್ದದ ಕೊಳಲು ಮಾಡಿಕೊಂಡಳು. ಆದರೆ ಕೆಳಗಿನ ಮೂರು ತೂತುಗಳಿಗೆ ಅವಳ ಕೈ ಎಟುಕಲಿಲ್ಲ.

"ನನ್ನ ಬೆರಳು ಖಾಲಿ ಕೂತಿವೆಯಲ್ಲೇ ಮಾರಾಯ್ತಿ," ಎಂದು ನೆರೆಮನೆಯ ರುಕ್ಮಕ್ಕ ಪಕ್ಕದಲ್ಲಿ ಬಂದು ಕುಳಿತು ಆ ತೂತುಗಳನ್ನು ಮುಚ್ಚಿದಳು. ಶಶಿಪ್ರಭೆ ಮೊಣಕಾಲಿನಿಂದ ಅವಳಿಗೆ ಒಮ್ಮೆ ತಟ್ಟಿದರೆ ಅವಳು ಒಂದು ಬೆರಳು ಎತ್ತಬೇಕು, ಎರಡು ಸಲ ತಟ್ಟಿದರೆ ಎರಡು.

ಇಂದು ಮೊದಲ ಕಛೇರಿ. ಇದೂ ಕೈಗೂಡದಿದ್ದರೆ ಕೊಳಲನ್ನೇ ಬಿಟ್ಟುಬಿಡುವುದೆಂದು ಶಶಿಪ್ರಭೆ ನಿಶ್ಚಯಿಸಿದ್ದಳು. ಭೂಪಾಲಿ ರಾಗದ ಮೊದಲ ಸ್ವರಕ್ಕೇ ಮುಂದಿನ ಸಾಲಿನ ಮಕ್ಕಳು ಎದ್ದು ನಿಂತರು. ಇಲ್ಲಿ ಹುಟ್ಟಿದ ಮಕ್ಕಳು ಅಂಥ ಗಂಭೀರ ದನಿಯನ್ನು ಕೇಳಿಯೇ ಇರಲಿಲ್ಲ.

ಧೈವತ ಸ್ವರಕ್ಕೆಂದು ಒಮ್ಮೆ ತಟ್ಟಿದಾಗ, ರುಕ್ಮಕ್ಕ ಗಾಬರಿಯಲ್ಲಿ ಎರಡು ಬೆರಳೆತ್ತಿದಳು. ಆ ರಾಗದಲ್ಲಿ ಬರಲೇಬಾರದ ನಿಷಾದ ನುಡಿಯಿತು. ರುಕ್ಮಕ್ಕ ಬೆರಳುಗಳನ್ನು ತೂತುಗಳಿಗೆ ಬಿಗಿಯಾಗಿ ಒತ್ತಿಕೊಂಡಳು.

ಶಶಿಪ್ರಭೆ ನಿಲ್ಲಿಸಲಿಲ್ಲ. ಮೊಣಕಾಲಿನಿಂದ ಮೆಲ್ಲಗೆ ಎರಡು ಸಲ ತಟ್ಟಿದಳು. ಮತ್ತದೇ ನಿಷಾದ ಬಂತು. ಅದರ ಮೇಲೆ ಉಸಿರನ್ನು ನೆಲೆಗೊಳಿಸಿ, ಭೂಪಾಲಿಯನ್ನು ಹಿಂದೆ ಬಿಟ್ಟು, ತನಗೂ ಗೊತ್ತಿಲ್ಲದ ದಾರಿ ಹಿಡಿದಳು. ರುಕ್ಮಕ್ಕನ ಬೆರಳುಗಳು ನಿಧಾನವಾಗಿ ಹದಕ್ಕೆ ಬಂದವು.

ಚಪ್ಪಾಳೆ ಮುಗಿದ ಮೇಲೆ ರುಕ್ಮಕ್ಕ ತಲೆ ತಗ್ಗಿಸಿಕೊಂಡೇ ಚಿಲಿಪಿಲಿಗುಟ್ಟಿದಳು: "ತಪ್ಪಾಯ್ತು ತಂಗಿ. ನಾಳೆಯಿಂದ ಬೇರೆ ಯಾರನ್ನಾದ್ರೂ ಕೂರಿಸ್ಕೊ."

ಶಶಿಪ್ರಭೆ ಅವಳ ಮರಗಟ್ಟಿದ ಬೆರಳುಗಳನ್ನು ಅಂಗೈಯಲ್ಲಿಟ್ಟು ತಿಕ್ಕಿದಳು.

"ನಾಳೆ ಬೇಗ ಬನ್ನಿ ಅಕ್ಕ. ಆ ತಪ್ಪು ಇನ್ನೂ ಎಲ್ಲೆಲ್ಲಿಗೆ ಕರ್ಕೊಂಡು ಹೋಗುತ್ತೋ ನೋಡ್ಬೇಕು."