ಗಾಳಿಗೆ ಹಾಕಿದ ಬೀಗ

ವಿದ್ಯುತ್ ಸ್ಥಾವರದ ಗ್ಯಾಸ್ ಟರ್ಬೈನಿನ ಬ್ಲೇಡು ಮುರಿದದ್ದಕ್ಕೆ ಗುತ್ತಿಗೆ ಕಾರ್ಮಿಕ ಸಿದ್ದಪ್ಪಾಜಿಯನ್ನು ಕೆಲಸದಿಂದ ತೆಗೆದರು.

ಕೆಂಡದಂತೆ ಕಾಯುವ ಟರ್ಬೈನಿನೊಳಗೆ ಬ್ಲೇಡುಗಳ ಶಾಖ ನೋಡುವ ಸೆನ್ಸರ್ ಕಣ್ಣೊಂದಿದೆ. ಅದು ತಂಪಾಗಿರಲು, ಅದರ ಗಾಜಿಗೆ ಮಸಿ ಹಿಡಿಯದಿರಲು ಕೊಳವೆಯಲ್ಲಿ ಸದಾ ಗಾಳಿ ಬರುತ್ತಿರಬೇಕು. ಆ ಗಾಳಿಯ ವಾಲ್ವನ್ನು ಸಿದ್ದಪ್ಪಾಜಿ ಬೇಕೆಂದೇ ಮುಚ್ಚಿದ, ಮಸಿ ಹಿಡಿದ ಕಣ್ಣು ಶಾಖವನ್ನು ಕಡಿಮೆ ತೋರಿಸಿತು, ಅತಿಯಾಗಿ ಕಾದದ್ದು ಯಾರಿಗೂ ತಿಳಿಯದೆ ಬ್ಲೇಡು ಮುರಿಯಿತು ಎಂಬುದು ಆರೋಪ.

ಅವನ ಜಾಗಕ್ಕೆ ಬಂದ ಜಯಶೀಲಾ ಅದನ್ನು ನಂಬಿದಳು. ತನಿಖೆಗೆ ಬಂದವರ ಎದುರಿಗೇ ಎಂಜಿನಿಯರ್, ತೆರೆದಿಟ್ಟ ವಾಲ್ವನ್ನು ಯಾರೂ ಮುಚ್ಚದಂತೆ ಅವಳ ಕೈಯಿಂದಲೇ ಅದಕ್ಕೆ ಬೀಗ ಹಾಕಿಸಿದ್ದರು.

"ಕೀ ನಿನ್ನ ಕೊರಳಲ್ಲೇ ಇರ್ಲಿ. ದೇವರೇ ಬಂದು ಕೇಳಿದ್ರೂ ಕೊಡಬೇಡ. ಆ ಕಳ್ಳ ಇನ್ನೂ ಗೇಟಿನ ಹತ್ರ ಸುಳಿದಾಡ್ತಾನೆ."

ಗೇಟಿನಲ್ಲಿ ಸಿದ್ದಪ್ಪಾಜಿ ಕಂಡಾಗಲೆಲ್ಲ ಅವಳು ಕೀಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಭದ್ರವಾಗಿ ಮಡಿಕೊ ಕನವ್ವ" ಎಂದು ಅವನು ನಗುತ್ತಿದ್ದ. ಆ ನಗೆ ಕಂಡು ಅವಳ ಅನುಮಾನ ಇನ್ನಷ್ಟು ಬಲಿಯುತ್ತಿತ್ತು.

ಒಂದು ಮಧ್ಯಾಹ್ನ ಶಾಖದ ಮುಳ್ಳು ಕೆಂಪು ಗೆರೆ ದಾಟಿತು.

"ಲೋಡ್ ಇಳಿಸಿ ಶಾಖ ತಗ್ಗಿಸ್ಲಾ ಸಾರ್?"

"ಮೇಲಿನವರು ಪೂರ್ತಿ ಲೋಡೇ ಬೇಕು ಅಂತಿದಾರೆ." ಎಂಜಿನಿಯರ್ ಕೈ ಚಾಚಿದರು. "ಕೀ ಕೊಡು. ಗಾಳಿ ಸ್ವಲ್ಪ ಮುಚ್ಚಿದ್ರೆ ಕಣ್ಣು ಮಬ್ಬಾಗಿ ಕಡಿಮೆ ತೋರಿಸುತ್ತೆ. ಹೆದರಬೇಡಮ್ಮ, ಮೊದಲ ಸಲ ಸಿದ್ದಪ್ಪಾಜಿನೂ ಹೀಗೇ ನಡುಗಿದ್ದ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೊಡದಿದ್ರೆ ನಾಳೆಯಿಂದ ನೀನೂ ಗೇಟಿನಾಚೆಗೇ."

ಜಯಶೀಲಾ ಕೀಯನ್ನು ಮುಷ್ಟಿಯಲ್ಲಿ ಹಿಡಿದಳು. "ದೇವರೇ ಬಂದು ಕೇಳಿದ್ರೂ ಕೊಡಬೇಡ ಅಂದಿದ್ರಲ್ಲ ಸಾರ್. ಕೊಡಲ್ಲ."