ಡಬ್ಬಿಯೊಳಗಿನ ಕರಕರ

ಗಂಟೆ ಎಂಟಾಗಿದ್ದೇ ತಡ, ಡಬ್ಬಿ ಮತ್ತೆ ಕರಕರ ಅನ್ನತೊಡಗಿತು.

ಯೋಗರಾಜ್ ಊಟದ ತಟ್ಟೆ ಬಿಟ್ಟು ಎದ್ದ. ಫೋನ್ ಆರಿಸಿದ. ಹಾಲ್‌ನ ಟಿವಿಯ ವೈರು ಕಿತ್ತ. ಬಾಗಿಲ ಮೇಲಿನ ಕ್ಯಾಮೆರಾವನ್ನೂ ಬಿಡಲಿಲ್ಲ. ಡಬ್ಬಿಗೆ ಜೋಡಿಸಿದ್ದೆಲ್ಲ ಆರಿತು ಎಂದುಕೊಂಡರೂ ಕರಕರ ನಿಲ್ಲಲಿಲ್ಲ. ಅಡುಗೆಮನೆ ಪಕ್ಕದ ಗೋಡೆಗೂಡಿನಲ್ಲಿ, ಹಳೆಯ ಕಂಬಳಿಯ ಗುಪ್ಪೆಯ ಕೆಳಗಿಂದ ಹಸಿರು ದೀಪ ಕಣ್ಣು ಹೊಡೆಯುತ್ತಲೇ ಇತ್ತು. ಧೂಳು ಕೂಡದಿರಲಿ ಎನ್ನುತ್ತ ಕಂಬಳಿ ಹೊದಿಸಿದ್ದು ಅವ್ವ ಮರಿಯವ್ವ.

"ಬಕ್ಕೇಶಾ, ಸಿಕ್ಕಿಬಿದ್ದೆ ಮಗನೆ," ಎಂದ ದೀಪಕ್ಕೆ.

ಡಬ್ಬಿ ಎಂದರೆ ಹಳೆಯ ಕಂಪ್ಯೂಟರಿನಲ್ಲೇ ಮಾಡಿಕೊಂಡ ಮನೆಯ ಸರ್ವರ್. ದಾವಣಗೆರೆ, ಹರಿಹರದ ಕಲ್ಯಾಣಮಂಟಪಗಳಲ್ಲಿ ಯೋಗರಾಜ್ ಮತ್ತು ಬಕ್ಕೇಶ್ ಹನ್ನೆರಡು ವರ್ಷ ಜೋಡಿಯಾಗಿ ತೆಗೆದ ಮದುವೆ ವಿಡಿಯೋಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಪಾಸ್‌ವರ್ಡ್ ಗೊತ್ತಿದ್ದುದು ಇಬ್ಬರಿಗೇ. ಬಕ್ಕೇಶ್ ಬೇರೆ ಅಂಗಡಿ ಹಾಕುತ್ತಾನಂತೆ ಎಂಬ ಸುದ್ದಿಯೂ ಕೆ.ಬಿ. ಬಡಾವಣೆಯ ಟೀ ಅಂಗಡಿಯಲ್ಲಿ ಕಿವಿಗೆ ಬಿದ್ದಿತ್ತು. ಇನ್ನೇನು ಬೇಕು? ತನ್ನ ಮನೆಯಲ್ಲೇ ಕೂತು ಇಂಟರ್ನೆಟ್ಟಿನಿಂದ ಡಬ್ಬಿ ಖಾಲಿ ಮಾಡುತ್ತಿದ್ದಾನೆ!

ಇದು ಶುರುವಾಗಿ ಹದಿನೈದು ದಿನ. ಹೆಂಡತಿ ಸುಮಾ ತಂಗಿಯ ಬಾಣಂತನಕ್ಕೆಂದು ಶಾಮನೂರಿಗೆ ಹೋದ ವಾರವೇ ಈ ಕರಕರ ಹತ್ತಿಕೊಂಡಿತು. ರಾತ್ರಿ ಎಂಟಕ್ಕೆ ಶುರು, ಬೆಳಗಿನ ಜಾವ ನಾಲ್ಕಕ್ಕೆ ಬಂದ್. ಪಾಸ್‌ವರ್ಡ್ ಬದಲಿಸಿ ನೋಡಿದ. ಜಗ್ಗಲಿಲ್ಲ. ಒಂದು ಸಂಜೆ ಗೋಡೆಯ ಸ್ವಿಚ್ಚನ್ನೇ ಆರಿಸಿದ. ಮರುದಿನ ಅವ್ವ ಮುಖ ಊದಿಸಿಕೊಂಡು ಉಪ್ಪಿಟ್ಟು ಬಡಿಸಿದಳು.

"ಅದನ್ಯಾಕ ಆರಿಸ್ದಿ? ಪಾಪ, ತನ್ನ ಪಾಡಿಗೆ ತಾನು ಐತೆ."

"ಅದರಾಗೆ ಕಳ್ಳ ಹೊಕ್ಕಾನೆ ಅವ್ವಾ."

"ಇದ್ರ ಇರ್ಲಿ ಬಿಡು. ಆರಿಸಬ್ಯಾಡ."

ಅವ್ವನಿಗೆ ಏನು ಗೊತ್ತು ವ್ಯವಹಾರ! ಯೋಗರಾಜ್ ಈಗ ಫೋನ್ ಹಚ್ಚಿದ. ಭಾನುವಾರ ಹರಿಹರದಲ್ಲಿ ದೊಡ್ಡ ಮದುವೆ ಇತ್ತು.

"ಬಕ್ಕೇಶ, ಭಾನುವಾರ ನೀನು ಬರಬ್ಯಾಡ. ಇನ್ಮ್ಯಾಲೆ ನಮ್ಮ ಜೋಡಿ ಮುಗೀತು."

"ಯಾಕಲೇ ಯೋಗ? ಏನಾತು?"

"ನಿನ್ನ ಕೈಯನ್ನೇ ಕೇಳು."

ಕಟ್ ಮಾಡಿದ. ಆಮೇಲೆ ತಟ್ಟೆಯ ಮುಂದೆ ಕೂತವನು ಅರ್ಧಕ್ಕೇ ಕೈ ತೊಳೆದ. ಹನ್ನೆರಡು ವರ್ಷ ಒಂದೇ ಬೈಕಿನಲ್ಲಿ ಓಡಾಡಿದವರು.

ಕಳ್ಳತನಕ್ಕೆ ಸಾಕ್ಷಿ ಬೇಕಲ್ಲ. ಶನಿವಾರ ಬೆಳಗ್ಗೆ ಹರಿಹರದಿಂದ ಮುಸರತ್‌ಳನ್ನು ಕರೆಸಿದ. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಅವಳದು. ಯಂತ್ರಕ್ಕಿಂತ ಮೊದಲು ಯಂತ್ರದ ಮಾಲೀಕನನ್ನು ಅನುಮಾನಿಸುವ ಹೆಂಗಸು. ಚಳಿಗೆ ಶಾಲು ಹೊದ್ದು ಬಂದವಳಿಗೆ ಅವ್ವ ಮೊದಲು ಬಿಸಿ ದೋಸೆ ಹಾಕಿದಳು.

"ಏನ್ ದೋಸೆ ಅವ್ವಾರೆ! ಈ ಚಳಿಗೆ ನಮ್ಮನೆಯಾಗೆ ಮಾಡಿದ್ರೆ ಚಪ್ಪಡಿ ಕಲ್ಲು."

"ಕೈಗುಣ ಕಣವ್ವ," ಎಂದಳು ಮರಿಯವ್ವ, ಮಗನತ್ತ ನೋಡದೆ.

ಮುಸರತ್ ಕೈ ತೊಳೆದು ಬಂದು ಕಂಬಳಿ ಎತ್ತಿದಳು. "ಇದಕ್ಕೆ ಗಾಳಿ ಬೇಕ್ರಿ ಯೋಗಣ್ಣ, ಕಂಬಳಿ ಹೊದಿಸಿ ಮಲಗಿಸೀರಲ್ಲ!" ಡಬ್ಬಿಯ ನೆತ್ತಿಯ ಮೇಲೆ ದುಂಡಗೆ ಒಂದು ಬಿಳಿ ಕಲೆ ಒಣಗಿ ಕೂತಿತ್ತು. "ಇದೇನ್ರಿ?"

"ವಿಭೂತಿ ಇರಬೇಕು. ನಮ್ಮವ್ವ ಮಿಕ್ಸಿಗೂ ಹಚ್ತಾಳೆ."

ಮುಸರತ್ ಉಗುರಿನಿಂದ ಕೆರೆದು ನೋಡಿದಳು. ಅರ್ಧ ಗಂಟೆ ಪರದೆಯ ಮೇಲೆ ಪಟ್ಟಿಗಳನ್ನು ಉರುಳಿಸಿದಳು.

"ಹೊರಗಿಂದ ಒಬ್ರೂ ಬಂದಿಲ್ಲ. ದಿನಾ ಎಂಟಕ್ಕೆ ಮನೆಯಾಗೇ ಒಂದು ವಿಡಿಯೋ ಓಡೈತೆ. ಹಳೇ ವಿಡಿಯೋ. ಅದನ್ನ ಟಿವಿಗೆ ಹೊಂದಿಸೋಕೆ ಡಬ್ಬಿ ಬೆಳಗಿನ ತನಕ ಬಿಸಿಯಾಗಿ ಬೆವರು ಸುರಿಸೈತೆ."

"ಯಾವ ಟಿವಿ? ನಾನು ವೈರೇ ಕಿತ್ತಿದ್ದೆ."

"ಹಾಲ್‌ದಲ್ಲ. ಅವ್ವಾರ ಕೋಣೇದು."

ಪರದೆಯನ್ನು ಅವನತ್ತ ತಿರುಗಿಸಿದಳು. 'ಗಿಡ್ಡಪ್ಪ, ಅರವತ್ತರ ಶಾಂತಿ. ಎಂಟು ತಾಸು ಹತ್ತು ನಿಮಿಷ.'

ಯೋಗರಾಜ್ ಆ ಸಾಲನ್ನು ಮತ್ತೊಮ್ಮೆ ಓದಿದ. ಗಿಡ್ಡಪ್ಪ ಅವನ ಅಪ್ಪ. ಹೋಗಿ ಮೂರು ವರ್ಷ. ಆ ವಿಡಿಯೋ ತೆಗೆದವನು ಬಕ್ಕೇಶ್. ಅದರಲ್ಲಿ ಒಂದು ನಿಮಿಷವನ್ನೂ ಕತ್ತರಿಸಲು ಯೋಗರಾಜನಿಗೆ ಮನಸ್ಸು ಬಂದಿರಲಿಲ್ಲ. ಹೋದ ಯುಗಾದಿಗೆ ಅವ್ವನಿಗೆ ರಿಮೋಟು ಒತ್ತುವುದನ್ನು ಕಲಿಸಿದವನೂ ತಾನೇ.

ಕೋಣೆಗೆ ಹೋಗಿ ನೋಡಿದ. ಟಿವಿಯ ಮೇಲೆ ದಪ್ಪನೆಯ ಕೌದಿ ಇಳಿಬಿದ್ದಿತ್ತು. ಹಾಕಿ ನೋಡಿದರೆ ಧ್ವನಿ ಸೊನ್ನೆ. ಮಗನ ನಿದ್ದೆ ಕೆಡಬಾರದೆಂದು ಸದ್ದಿಲ್ಲದೆ ಗಂಡನ ಮುಖ ನೋಡುತ್ತ ಬೆಳಗು ಮಾಡುತ್ತಿದೆಯಲ್ಲ ಈ ಜೀವ! ನಾನೋ, ಆ ವಿಡಿಯೋ ತೆಗೆದ ಗೆಳೆಯನನ್ನೇ ಕಳ್ಳನೆಂದೆ.

ಫೋನಿನಲ್ಲಿ ಬಕ್ಕೇಶನಿಗೆ ಪೂರ್ತಿ ಹೇಳಲಾಗಲಿಲ್ಲ. "ತಪ್ಪಾತು ಕಣಲೇ. ಬಾ," ಅಂದ, ಅಷ್ಟೇ.

ಬಕ್ಕೇಶ್ ಹತ್ತೇ ನಿಮಿಷದಲ್ಲಿ ಬಂದ. "ಅಂಗಡಿ ಹಾಕೋನು ನನ್ನ ತಮ್ಮ ಕಣಲೇ, ನಾನಲ್ಲ!" ಎಂದು ಬಾಗಿಲಲ್ಲೇ ಬೈಯಲು ಶುರು ಮಾಡಿದವನು, ವಿಷಯ ಕೇಳಿ, ಕೌದಿ ನೋಡಿ, ಕರ್ಚೀಫು ತೆಗೆದ. ಇಬ್ಬರು ದೊಡ್ಡ ಗಂಡಸರು ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮುಸರತ್ ಮಾತ್ರ ಬಿಳಿ ಕಲೆಯನ್ನು ನೋಡುತ್ತ ಶಾಲಿನೊಳಗೆ ನಗು ನುಂಗುತ್ತಿದ್ದಳು.

"ಅವ್ವಾ," ಎಂದ ಯೋಗರಾಜ್, "ಅಪ್ಪನ್ನ ಕದ್ದು ಯಾಕ ನೋಡ್ತಿ? ಹಾಲ್‌ನಾಗೆ ದೊಡ್ಡ ಟಿವಿಯಾಗೇ ನೋಡು. ನನ್ನ ಮದ್ವಿ ವಿಡಿಯೋನೂ ಹಾಕಿಕೊಡ್ತೀನಿ."

ಮರಿಯವ್ವ ಕಾವಲಿಯ ಮೇಲಿನ ದೋಸೆ ಮಗುಚಿದಳು. "ನೋಡಾಕೆ ಯಾರಿಗೆ ಪುರುಸೊತ್ತೈತಪ್ಪ? ನಿನ್ನ ಮದ್ವಿದೂ ಹಾಕಿ ನೋಡೀನಿ, ಮೂರೇ ತಾಸಿಗೆ ಮುಗಿದು ಡಬ್ಬಿ ತಣ್ಣಗಾಗ್ತೈತೆ. ಅದರ ಮ್ಯಾಲಿಟ್ಟ ದೋಸೆ ಹಿಟ್ಟು ಬೆಳಗಿನ ತನಕ ಬೆಚ್ಚಗಿದ್ದು ಉಬ್ಬಬೇಕಂದ್ರೆ ನಿಮ್ಮಪ್ಪಂದೇ ಆಗಬೇಕು."